ಬೇಡ ಎಂದವಳ ಎರಡು ಜಡೆ

ನಮ್ಮ ಮನೆಯಲ್ಲಿ ‘ಬೇಡ’ ಎಂಬ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಶಿವಾಜಿನಗರದ ಇಕ್ಕಟ್ಟು ಗಲ್ಲಿಯಲ್ಲಿ ಅಬ್ಬಾನ ಟ್ರಂಕಿನ ಅಂಗಡಿ, ಅದರ ಮೇಲೆ ನಮ್ಮ ಮನೆ. ಯಾರೇ ಬಂದರೂ ಅಮ್ಮಿ ತಟ್ಟೆ ಹಾಕುತ್ತಿದ್ದಳು. ಬಂದವರು ಬೇಡ ಅನ್ನಬೇಕು, ಅಮ್ಮಿ ಬಡಿಸಬೇಕು, ಅವರು ತಟ್ಟೆಗೆ ಕೈ ಅಡ್ಡ ಹಿಡಿಯಬೇಕು, ಅಮ್ಮಿ ಆ ಕೈಯನ್ನು ಸರಿಸಿ ಇನ್ನೊಂದು ಸೌಟು ಸುರಿಯಬೇಕು. ಒಂದೇ ಮಾತಿಗೆ ಒಪ್ಪಿಕೊಂಡರೆ ಅತಿಥಿ ಹೊಟ್ಟೆಬಾಕ, ಒಂದೇ ಮಾತಿಗೆ ಬಿಟ್ಟುಬಿಟ್ಟರೆ ಮನೆಯವಳು ಜಿಪುಣಿ. ಮಕ್ಕಳನ್ನಂತೂ ಯಾರೂ ಏನೂ ಕೇಳುತ್ತಿರಲಿಲ್ಲ. ಅಮ್ಮಿಯ ಅಕ್ಕತಂಗಿಯರು, ನಮ್ಮ ಖಾಲಾಗಳು, ಬಂದರೆಂದರೆ ನಮ್ಮ ಗಲ್ಲಗಳಿಗೆ ಉಳಿಗಾಲವಿಲ್ಲ. ನಾನು ಹುಟ್ಟಾ ಸಿಡುಕಿ. ಗಲ್ಲ ಹಿಂಡಿದ ಒಬ್ಬ ಖಾಲಾಳ ಕೈಯನ್ನು ಕಚ್ಚಿಬಿಟ್ಟಿದ್ದೆ. ಆ ಕಥೆಯನ್ನು ಮದುವೆ ಮನೆಗಳಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ.

ಇಂಥ ಮನೆಯಿಂದ ಹೋದವಳು ಮನಶ್ಶಾಸ್ತ್ರದ ಸಂಶೋಧನೆಗೆ ಆರಿಸಿಕೊಂಡ ವಿಷಯ, ದೌರ್ಜನ್ಯಕ್ಕೆ ಒಳಗಾದ ಮಕ್ಕಳಿಗೆ ಆಟದ ಮೂಲಕ ಚಿಕಿತ್ಸೆ. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ಇಂಥದ್ದನ್ನು ಹೆಣ್ಣುಮಕ್ಕಳು ಬಾಯಲ್ಲಿ ಹೇಳುವುದೇ ಕಷ್ಟವಾಗಿದ್ದ ಕಾಲ. ಮಗಳು ಏನು ಓದುತ್ತಿದ್ದಾಳೆ ಎಂದು ಗಿರಾಕಿಗಳು ಕೇಳಿದರೆ, “ಮಕ್ಕಳ ಡಾಕ್ಟರ್ ಥರ” ಎಂದು ಅಬ್ಬಾ ತೇಲಿಸಿಬಿಡುತ್ತಿದ್ದರು. ಆದರೂ ಮಳೆ ಬಂದ ದಿನ ಅಂಗಡಿ ಬಿಟ್ಟು ನನ್ನನ್ನು ಸ್ಕೂಟರಿನಲ್ಲಿ ಬಿಟ್ಟು ಬರುತ್ತಿದ್ದವರೂ ಅವರೇ.

ನನ್ನ ಗೈಡ್ ಆಗಿದ್ದ ಮೇಡಂ ಇಂದಿರಾನಗರದವರು. ಮಾತು ಕಡಿಮೆ, ಕಿವಿ ಚುರುಕು. ಕಂಟೋನ್ಮೆಂಟಿನ ಹಳೆಯ ಬಂಗಲೆಯೊಂದರ ಹಿಂದಿನ ಕೋಣೆಯಲ್ಲಿ ಅವರು ಮಕ್ಕಳನ್ನು ನೋಡುತ್ತಿದ್ದರು. ಕೆಂಪು ಗಾರೆಯ ನೆಲ, ಗಿಡ್ಡ ಕಪಾಟು, ಅದರಲ್ಲಿ ಗೊಂಬೆಗಳು, ಪುಟ್ಟ ಅಡುಗೆ ಸಾಮಾನು, ಜೇಡಿಮಣ್ಣು, ಬಣ್ಣ, ಒಂದು ಬಾಚಣಿಗೆ. ಮಗು ಬಂದಾಗಲೆಲ್ಲ ಪ್ರತಿ ಸಾಮಾನೂ ಅದು ಬಿಟ್ಟುಹೋದ ಜಾಗದಲ್ಲೇ ಇರಬೇಕು. ಅದು ಏನು ಆಡುತ್ತದೋ ಅದನ್ನೇ ನಾವು ಹಿಂಬಾಲಿಸಬೇಕು, ನಡೆದದ್ದನ್ನು ಕೆದಕಬಾರದು. ಕೇಳದೆ ಮುಟ್ಟುವಂತಿಲ್ಲ. ಕೇಳಿದಾಗ ಮಗು ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು, ಒತ್ತಾಯ ಮಾಡುವಂತಿಲ್ಲ. ಪುಸ್ತಕದಲ್ಲಿ ಓದುವಾಗ ಇದೆಲ್ಲ ಬಹಳ ಸುಲಭವಾಗಿ ಕಂಡಿತ್ತು.

ಏಪ್ರಿಲ್ ರಜೆಯಲ್ಲಿ ಆ ಹುಡುಗಿ ಬಂದಳು. ಗುರುತು ಸಿಗದಿರಲಿ ಎಂದು ವಿವರಗಳನ್ನು ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ. ಕೆ.ಆರ್. ಪುರದ ಆಚೆಯ ಹಳೆಯ ಹಳ್ಳಿಯ ಕುಟುಂಬ. ರಾಗಿ ಹೊಲ ಲೇಔಟಾಗಿತ್ತು. ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅಲ್ಲಿ ಬಾಡಿಗೆಗಿದ್ದವನೊಬ್ಬ ಈ ಮಗುವಿಗೆ ಕೆಟ್ಟದ್ದು ಮಾಡಿದ್ದ. ಅವನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಅವನು ಶುರುಮಾಡಿದ್ದು ಪ್ರೀತಿಯವನಂತೆ ತಲೆ ಸವರುವುದರಿಂದ. ಅದಾದ ಮೇಲೆ ಹುಡುಗಿ ಯಾರಿಗೂ ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಬೆನ್ನು ದಾಟಿ ಇಳಿದಿದ್ದ ಚೆಂದದ ಕೂದಲು ಗಂಟುಗಂಟಾಗಿ ಜೋತಾಡುತ್ತಿತ್ತು.

ತಾಯಿಗೆ ಗಾರ್ಮೆಂಟ್ಸ್ ಕೆಲಸ. ಹಾಗಾಗಿ ಬಸ್ಸಿನಲ್ಲಿ ಕರೆದುಕೊಂಡು ಬರುತ್ತಿದ್ದವರು ಅಜ್ಜಿ. ಮೊದಲ ದಿನವೇ ಜಗಲಿಯಲ್ಲಿ ಕುಳಿತು ನನ್ನ ಹತ್ತಿರ ಹೇಳಿಕೊಂಡರು.

“ಜೂನ್‌ಗೆ ಇಸ್ಕೂಲ್ ತೆಗೀತದೆ ಕಣಮ್ಮ. ಎಲ್ಡು ಜಡೆ ಹಾಕ್ಕೊಂಡೇ ಬರ್ಬೇಕು ಅಂತಾರೆ. ಅವ್ರಮ್ಮ ಕತ್ತರಿಸ್ಬುಡಾನ ಅಂತ ಕುಂತವ್ಳೆ. ಕೂದ್ಲು ಹೋದ್ರೆ ಹೋಗ್ಲಿ, ಬೆಳೀತದೆ. ಹುಟ್ಟಿದಾಗ್ನಿಂದ ನಾನೇ ಎಣ್ಣೆ ಹಚ್ಚಿ ಬಾಚ್ದೋಳು. ಈಗ ನನ್ ಕೂಸು ನನ್ ಹತ್ರಕ್ಕೇ ಬರಾಕಿಲ್ವಲ್ಲ, ಅದುಕ್ಕೇನ್ ಮಾಡ್ಲಿ?”

ಮಗುವಿಗಿಂತ ಅಜ್ಜಿಯ ಮೇಲೇ ನನಗೆ ಆ ಹೊತ್ತು ಹೆಚ್ಚು ಕನಿಕರ ಹುಟ್ಟಿತು. ಜೂನ್ ಬರುವ ಮೊದಲು ಅವರು ಒಂದು ಸಲವಾದರೂ ಆ ತಲೆ ಬಾಚುವಂತಾಗಲಿ ಎಂದು ನಾನೂ ಹಂಬಲಿಸತೊಡಗಿದೆ. ಸಂಶೋಧನೆ ಮಾಡುವವಳು ಹಾಗೆಲ್ಲ ಹಂಬಲಿಸಬಾರದು ಎಂದು ಮೇಡಂ ಗದರಿದರು. ಗದರಿದ ಮೇಲೆ ಅವರೇ ಅಜ್ಜಿಯನ್ನೂ ಕೋಣೆಯೊಳಗೆ ಕೂರಿಸುವುದೆಂದು ತೀರ್ಮಾನಿಸಿದರು.

ಅಜ್ಜಿಗೆ ನಿಯಮ ಕಲಿಸುವ ಹೊಣೆ ನನ್ನದು. ಮುಟ್ಟುವ ಮೊದಲು ಕೇಳಬೇಕು ಎಂದು ಹೇಳಿಕೊಟ್ಟೆ. ಅಜ್ಜಿ ಕೇಳಿದರು ಕೂಡ. ಆದರೆ “ಬಾಚ್ಲಾ ಮಗ?” ಎನ್ನುವಷ್ಟರಲ್ಲಿ ಅವರ ಕೈ ತಲೆಯ ಹತ್ತಿರ ಹೋಗಿರುತ್ತಿತ್ತು. ಹುಡುಗಿ ಮೇಜಿನ ಕೆಳಗೆ ನುಸುಳಿ ಆ ಹೊತ್ತು ಪೂರ್ತಿ ಅಲ್ಲೇ ಕುಳಿತುಬಿಡುತ್ತಿದ್ದಳು. “ಕೇಳಿದ್ನಲ್ಲಮ್ಮ” ಎಂದು ಅಜ್ಜಿ ನನ್ನತ್ತ ನೋಡುತ್ತಿದ್ದರು. ನನಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಅಮ್ಮಿಯೂ ಹೀಗೆಯೇ ಅಲ್ಲವೇ, ಬಡಿಸಲಾ ಎಂದು ಕೇಳುವಾಗ ಅನ್ನ ಆಗಲೇ ತಟ್ಟೆಗೆ ಬಿದ್ದಿರುತ್ತಿತ್ತು. ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕು ಎಂಬುದನ್ನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮೇ ತಿಂಗಳು ಹೀಗೇ ಕರಗುತ್ತಾ ಬಂತು. ಒಂದು ಮಧ್ಯಾಹ್ನ ಅಜ್ಜಿ ಬರುವ ಮೊದಲೇ ಹಲಸಿನ ಹಣ್ಣಿನ ವಾಸನೆ ಬಂಗಲೆಯೊಳಗೆ ಬಂತು. ಹಿತ್ತಲಿನಲ್ಲಿ ಉಳಿದಿದ್ದ ಒಂದೇ ಮರದ ಹಣ್ಣು. ತೊಳೆ ಬಿಡಿಸಿ ಸ್ಟೀಲ್ ಡಬ್ಬಿಯಲ್ಲಿ ತುಂಬಿ ತಂದಿದ್ದರು. ಹುಡುಗಿ ಒಂದು ಮೂಲೆಯಲ್ಲಿ ಜೇಡಿಮಣ್ಣು ತಟ್ಟುತ್ತಿದ್ದಳು. ಅಜ್ಜಿ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

“ಬೇಡ ಅಜ್ಜಿ, ಹೊಟ್ಟೆ ತುಂಬಿದೆ” ಎಂದೆ. ನಿಜಕ್ಕೂ ತುಂಬಿತ್ತು. ಬೇಡ ಬೇಡ ಎಂದರೂ ಅಮ್ಮಿ ಬಿರಿಯಾನಿ ತುರುಕಿ ಕಳಿಸಿದ್ದಳು.

“ಒಂದು ತೊಳೆಗೆ ಏನಾಯ್ತದೆ, ತಗೊಳಮ್ಮ. ನಮ್ ಮರದ್ದು.”

“ನಿಜವಾಗ್ಲೂ ಬೇಡ ಅಜ್ಜಿ.”

“ನೀನ್ ತಿನ್ದೇ ಇದ್ರೆ ನಂಗೆ ಬೇಜಾರಾಯ್ತದೆ” ಎನ್ನುತ್ತಾ ಅಜ್ಜಿ ನನ್ನ ಅಂಗೈ ಬಿಡಿಸಿ ತೊಳೆ ಇಡಲು ಬಂದರು. ನಾನೂ ಮರ್ಯಾದೆಯಂತೆ ಸೋಲಲು ತಯಾರಾಗಿದ್ದೆ.

“ಅಜ್ಜಿ, ಅವ್ರು ಬೇಡ ಅಂದ್ರಲ್ಲ.”

ಮೂಲೆಯಿಂದ ಬಂದ ಮಾತು. ಅಷ್ಟು ದಿನಗಳಲ್ಲಿ ಆ ಕೋಣೆಯಲ್ಲಿ ಅಜ್ಜಿಯೊಡನೆ ಅವಳು ಆಡಿದ ಮೊದಲ ಮಾತು ಅದು. ಮಣ್ಣು ಮೆತ್ತಿದ ಕೈಗಳನ್ನು ಹಾಗೇ ಹಿಡಿದುಕೊಂಡು ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು.

“ಬೇಡ ಅಂದ್ಮೇಲೂ ಯಾಕೆ ಕೊಡ್ತೀಯ?”

ಅಜ್ಜಿಯ ಕೈ ಅರ್ಧದಲ್ಲೇ ನಿಂತಿತು. ನನ್ನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಕೆಂಡದಂಥ ಮಾತೊಂದು ಬರಬಹುದೆಂದು ನಾನು ಹೆದರಿದೆ. ಅಜ್ಜಿ ತೊಳೆಯನ್ನು ಮೆಲ್ಲಗೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. ಅವರ ಕಣ್ಣು ತುಂಬಿತ್ತು.

“ಆಯ್ತು ಕಣವ್ವ. ಬೇಡ ಅಂದ್ರೆ ಬೇಡ” ಎಂದರು.

ಹುಡುಗಿ ಆ ಮುಚ್ಚಳವನ್ನೇ ನೋಡುತ್ತಾ ನಿಂತಳು, ಅದು ಮತ್ತೆ ತೆರೆದುಕೊಳ್ಳುತ್ತದೇನೋ ಎಂದು ಕಾಯುವವಳ ಹಾಗೆ. ತೆರೆದುಕೊಳ್ಳಲಿಲ್ಲ. ಆಮೇಲೆ ಲಂಗಕ್ಕೆ ಕೈ ಒರೆಸಿಕೊಂಡು ಬಂದು, ತಾನೇ ಮುಚ್ಚಳ ತೆಗೆದು, ಅಜ್ಜಿಯ ಪಕ್ಕದಲ್ಲಿ ಕುಳಿತು ಹಣ್ಣು ತಿಂದಳು. ಬೀಜಗಳನ್ನು ಒಂದೊಂದಾಗಿ ಅಜ್ಜಿಯ ಅಂಗೈಗೆ ಉಗುಳಿದಳು. ಅಷ್ಟು ಖುಷಿಯಾಗಿ ಎಂಜಲು ಹಿಡಿದುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತಾಗ ಹೊಸ ಪಾಠವನ್ನು ಮನೆಯಲ್ಲೂ ಪ್ರಯೋಗಿಸಿದೆ. ಇನ್ನೊಂದು ರೊಟ್ಟಿ ಹಾಕಲು ಬಂದ ಅಮ್ಮಿಗೆ, ಬೇಡ ಅಂದರೆ ಬೇಡ ಎಂದೆ. ಓದಿಸಿದ್ದೇ ತಪ್ಪಾಯಿತು ಎಂದು ಅಮ್ಮಿ ಮುಖ ಊದಿಸಿಕೊಂಡಳು. ಅಬ್ಬಾ ತಲೆ ತಗ್ಗಿಸಿ ನಗುತ್ತಾ ಆ ರೊಟ್ಟಿಯನ್ನು ತಮ್ಮ ತಟ್ಟೆಗೆ ಎಳೆದುಕೊಂಡರು. ಅಮ್ಮಿ ಕೊನೆಯವರೆಗೂ ಬದಲಾಗಲಿಲ್ಲ. ಖಾಲಾಗಳು ಮಾತ್ರ ನನ್ನ ಅಕ್ಕನ ಮಗಳ ಗಲ್ಲಕ್ಕೆ ಕೈ ಹಾಕುವ ಮುಂಚೆ ನಾನು ಕೋಣೆಯಲ್ಲಿ ಇದ್ದೇನೆಯೇ ಎಂದು ನೋಡಿಕೊಳ್ಳುವುದನ್ನು ಕಲಿತರು. ಅಷ್ಟಾದರೂ ಆಯಿತಲ್ಲ ಎಂದು ನನಗೆ ಸಮಾಧಾನ.

ನನ್ನ ಪ್ರಬಂಧ ಮುಂದಿನ ವರ್ಷ ಒಪ್ಪಿಗೆಯಾಯಿತು. ಅದರಲ್ಲಿ ಆ ಹುಡುಗಿಯ ಬಗ್ಗೆ ಇರುವುದು ಒಂದೇ ಪುಟ, ಅದೂ ಒಣ ಭಾಷೆಯಲ್ಲಿ. ಶಾಲೆ ತೆರೆಯುವ ಹಿಂದಿನ ವಾರದ ಆ ದಿನವನ್ನು ಅಲ್ಲಿ ಬರೆದ ರೀತಿ ನನಗೆ ಇಂದಿಗೂ ಸಾಲದು.

ಅಂದು ಅಜ್ಜಿ ನೆಲದ ಮೇಲೆ ಕುಳಿತು, ಬಾಚಣಿಗೆಯನ್ನು ಮುಂದೆ ಇಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡರು. ಹಾಗೆ ಮಾಡಿಕೊಳ್ಳಲು ಯಾರೂ ಹೇಳಿರಲಿಲ್ಲ. ಕೈಗಳ ಮೇಲೆ ಅವರಿಗೇ ನಂಬಿಕೆ ಇರಲಿಲ್ಲವೇನೋ.

“ಬಾಚ್ಲಾ ಮಗ?”

“ಬೇಡ.”

“ಆಯ್ತು” ಎಂದರು ಅಜ್ಜಿ.

ಹುಡುಗಿ ಗೊಂಬೆಯ ಜೊತೆ ಸ್ವಲ್ಪ ಹೊತ್ತು ಆಡಿದಳು. ಬಾಗಿಲ ಹತ್ತಿರ ಕುಳಿತಿದ್ದ ನಾನು ಇವತ್ತೂ ಆಗಲಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಅವಳು ತಲೆ ಎತ್ತಿ, “ಇನ್ನೊಂದ್ಸಲ ಕೇಳು” ಎಂದಳು.

“ಬಾಚ್ಲಾ?”

“ಬೇಡ.”

“ಆಯ್ತು ಕಣವ್ವ.”

ಮತ್ತೆ ಕೇಳು ಅಂದಳು. ಮತ್ತೆ ಬೇಡ ಅಂದಳು. ಆಮೇಲಾಮೇಲೆ ನಗುತ್ತಲೇ ಬೇಡ ಅನ್ನತೊಡಗಿದಳು. ಅಜ್ಜಿ ಪ್ರತಿ ಸಲವೂ ಅದೇ ದನಿಯಲ್ಲಿ ಕೇಳಿದರು, ಪ್ರತಿ ಸಲವೂ ಬಿಟ್ಟರು. ಸೆರಗಿನೊಳಗಿನ ಕೈಗಳು ಅಲುಗಲಿಲ್ಲ.

ಕೊನೆಗೆ ಹುಡುಗಿ ಗೊಂಬೆಯನ್ನು ಅದರ ಜಾಗದಲ್ಲಿ ಇಟ್ಟು ಬಂದಳು. ಅಜ್ಜಿಗೆ ಬೆನ್ನು ಮಾಡಿ, ಅವರ ಮೊಣಕಾಲುಗಳ ನಡುವೆ ಕುಳಿತಳು. ಗಂಟುಗಟ್ಟಿದ ಆ ಕೂದಲೆಲ್ಲ ಈಗ ಅಜ್ಜಿಯ ಮುಖದೆದುರಿಗೇ ಇತ್ತು. ಅಜ್ಜಿ ಆಗಲೂ ಕೈ ಹೊರತೆಗೆಯಲಿಲ್ಲ.

“ಈಗ ಕೇಳಜ್ಜಿ.”

ಅಜ್ಜಿ ಸೆರಗನ್ನು ಇನ್ನೊಂದು ಸುತ್ತು ಬಿಗಿಮಾಡಿಕೊಂಡರು.

“ಬಾಚ್ಲಾ, ನನ್ನವ್ವ?”

“ಹ್ಞೂಂ” ಎಂದಳು. “ಮೆತ್ತಗೆ.”

ಅಜ್ಜಿ ಸೆರಗಿನಿಂದ ಕೈ ಬಿಡಿಸಿಕೊಂಡು ಬಾಚಣಿಗೆ ಎತ್ತಿಕೊಂಡರು.