ಮಂಗಗಳಿಗೆ ಹೆಸರಿಡದ ಗಾಳೆಪ್ಪ

ಆ ದಿನ ನಮ್ಮವರು ಊಟಕ್ಕೆ ಕೂತವರು ಭಕ್ರಿ ಮುರಿದು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ಅವರು ಬಾದಾಮಿ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತರು. ಸ್ಟೇಷನ್ನಿನ ಹಿಂದೆಯೇ ನಮ್ಮ ರೈಲ್ವೆ ಮನೆ. ನಾನು ಆ ಮನೆಗೆ ಬಂದು ಇನ್ನೂ ಬಹಳ ದಿನ ಆಗಿರಲಿಲ್ಲ. ಐವತ್ತೈದನೆಯ ಇಸವಿ ಇರಬೇಕು. ಏನಾಯಿತು ಅಂತ ನಾನು ಕೇಳಲಿಲ್ಲ. ಆಗೆಲ್ಲ ಹೆಂಡತಿಯರು ಹಾಗೆ ಕೇಳುತ್ತಿರಲಿಲ್ಲ. ಅವರೇ ಹೇಳಿದರು. ಯಾರೋ ಹೊರಗಿನ ವ್ಯಾಪಾರಿ ಹಳ್ಳಿಹಳ್ಳಿ ತಿರುಗಿ, ಬಲೆ ಹಾಕಿಸಿ, ಮಂಗಗಳನ್ನು ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ತುಂಬಿ ತಂದಿದ್ದನಂತೆ. ಇಲ್ಲಿಂದ ಮುಂಬಯಿಗೆ, ಅಲ್ಲಿಂದ ಹಡಗಿನಲ್ಲಿ ಪರದೇಶಕ್ಕೆ, ಔಷಧಿಯ ಪರೀಕ್ಷೆಗೆ. ಗಾಯವಾದವನ್ನೂ ಕುಟುಕು ಜೀವ ಹಿಡಿದುಕೊಂಡಿದ್ದವನ್ನೂ ಬುಕ್ ಮಾಡಲು ಇವರು ಒಪ್ಪಲಿಲ್ಲ. ಅವನು ಅಂಥವನ್ನು ಪ್ಲಾಟ್‌ಫಾರ್ಮಿನ ತುದಿಗೆ ಬಿಟ್ಟು, ಗಟ್ಟಿ ಇದ್ದವನ್ನು ಹೇರಿಕೊಂಡು ಗಾಡಿ ಹತ್ತಿಬಿಟ್ಟ.

ದೇವರ ಮುಂದೆ ಕೂತಿದ್ದ ನಮ್ಮತ್ತೆ ಅಲ್ಲಿಂದಲೇ ಕೇಳಿದರು: "ಪ್ರತ್ಯಕ್ಷ ಹಣಮಂತದೇವರನ್ನ ಬಿಸಲಾಗ ಬಿಟ್ಟು ನೀ ಊಟಕ್ಕ ಬಂದೀಯೇನಪಾ?"

"ಬಿಸಲಾಗ ಇಲ್ಲವ್ವಾ. ಗಾಳೆಪ್ಪ ತೊಗೊಂಡು ಹೋದ."

ಗಾಳೆಪ್ಪ ಸ್ಟೇಷನ್ನಿನ ಹಮಾಲ. ಐವತ್ತು ದಾಟಿದ್ದ. ಹೆಂಡತಿ ಸತ್ತು ಎಷ್ಟೋ ವರ್ಷವಾಗಿತ್ತು. ಅರಳೆಯ ಅಂಡಿಗೆ ಹೊತ್ತು ಹೊತ್ತು ಅವನ ಬಲಭುಜ ಎಡಕ್ಕಿಂತ ಕೆಳಗಿಳಿದಿತ್ತು. ಸ್ಟೇಷನ್ನಿನಿಂದ ಸ್ವಲ್ಪ ದೂರದಲ್ಲಿ ಒಂದು ಹಳೆಯ ಕೊಂಡವಾಡ ಇತ್ತು, ಬೆಳೆ ಮೇಯ್ದ ದನಗಳನ್ನು ಹಿಡಿದು ಕೂಡುವ ಕಲ್ಲಿನ ದೊಡ್ಡಿ. ಊರವರು ಬೇರೆ ಕಡೆ ಹೊಸದು ಕಟ್ಟಿದ ಮೇಲೆ ಅದು ಹಾಳು ಬಿದ್ದಿತ್ತು. ಅದರ ಪಕ್ಕದ ಕಾವಲು ಕೋಣೆಯಲ್ಲಿ ಗಾಳೆಪ್ಪ ಇರುತ್ತಿದ್ದ. ದೊಡ್ಡಿಯ ಮೇಲೆ ಅಡ್ಡ ಕಟ್ಟಿಗೆ ಹಾಕಿ, ತಂತಿಯ ಜಾಳಿಗೆ ಬಿಗಿದು, ಆ ಮಂಗಗಳನ್ನು ಒಳಗೆ ಬಿಟ್ಟ. ಆಮೇಲೂ ಆ ವ್ಯಾಪಾರಿ ಬಂದಾಗಲೆಲ್ಲ ಬೇಡವಾದವು ಗಾಳೆಪ್ಪನ ಪಾಲಿಗೇ ಬರುತ್ತಿದ್ದವು.

ನಾನು ಅಲ್ಲಿಗೆ ಹೋಗಲು ಶುರು ಮಾಡಿದ್ದು ಅತ್ತೆಯ ಶನಿವಾರದ ವ್ರತದಿಂದ. ಅವರಿಗೆ ಮೊಣಕಾಲು ನೋವು, ನಡೆಯಲಾಗುತ್ತಿರಲಿಲ್ಲ. ನೆನೆಸಿದ ಕಡಲೆ, ಶೇಂಗಾ, ಬೆಲ್ಲದ ಚೂರು ಕಟ್ಟಿಕೊಡುತ್ತಿದ್ದರು. ಶನಿವಾರಕ್ಕೆಂದು ಹೋದದ್ದು ದಿನಾ ಹೋಗುವುದಾಯಿತು. ನೀರು ಹಾಕುವುದು, ಕಸ ಬಳಿಯುವುದು, ಅರಿಶಿನ ಎಣ್ಣೆ ಕಾಯಿಸಿ ಕೊಡುವುದು, ಇವೆಲ್ಲ ನನ್ನ ಪಾಲಿಗೆ ಬಂದವು. ಬಂದ ಮೇಲೆ ಸ್ನಾನವಾಗದೆ ಮನೆಯೊಳಗೆ ಕಾಲಿಡುವಂತಿಲ್ಲ. ಮಂಗ ಪ್ರತ್ಯಕ್ಷ ದೇವರಾದರೆ ಅದರ ಹತ್ತಿರ ಹೋಗಿ ಬಂದವಳಿಗೆ ಸ್ನಾನ ಯಾಕೆ ಅಂತ ಒಮ್ಮೆ ಕೇಳಿದ್ದೆ.

"ದೇವರಿಗೆ ಮೈಲಿಗಿ ಇಲ್ಲವಾ. ದೊಡ್ಡಿಗೆ ಅದ," ಎಂದರು ಅತ್ತೆ. "ಹೋಗು, ತಲಿಮ್ಯಾಲೆ ನೀರು ಹಾಕ್ಕೋ."

ಬೆಳಿಗ್ಗೆ ಮಡಿಗೆ ಒಂದು ಸ್ನಾನ, ದೊಡ್ಡಿಯಿಂದ ಬಂದು ಇನ್ನೊಂದು. ಬಾವಿಯಿಂದ ಸೇದಿ ಸೇದಿ ಅಂಗೈ ಒಡೆದಿದ್ದವು. ಪುಷ್ಯ ಮಾಸದ ಚಳಿಯಲ್ಲಿ ಒದ್ದೆ ಕೂದಲು ಬೆನ್ನ ಮೇಲೆ ಇಳಿಬಿಟ್ಟುಕೊಂಡು ಒಲೆಯ ಮುಂದೆ ಕೂತರೆ ಅಲ್ಲೇ ತೂಕಡಿಕೆ. ಪುಣ್ಯ ಬಂತೋ ಇಲ್ಲವೋ ಗೊತ್ತಿಲ್ಲ, ನೆಗಡಿ ಮಾತ್ರ ಬಿಡಲಿಲ್ಲ.

ಗಾಳೆಪ್ಪನದು ಬಹಳ ಕಟ್ಟುನಿಟ್ಟು. ಕೈಯಿಂದ ತಿನ್ನಿಸಬಾರದು. ಕಾಳು ಚೆಲ್ಲಿ ಹೊರಗೆ ಬರಬೇಕು. ಗಾಯಕ್ಕೆ ಮದ್ದು ಹಚ್ಚುವಾಗ ಬಿಟ್ಟರೆ ಮುಟ್ಟಬಾರದು, ಮಾತಾಡಿಸಬಾರದು. ಕೈ ಸೊಟ್ಟಗಾದ ಒಂದು ಹೆಣ್ಣು ಮಂಗ ಇತ್ತು. ಅದಕ್ಕೇನು ಹೆಸರಿಟ್ಟೆ ಅಂತ ಕೇಳಿದೆ.

"ಹೆಸರಿಟ್ರ ಕರೀಬೇಕಾಕ್ಕೈತ್ರಿ ಬಾಯಾರ. ಕರದ್ರ ಬರ್ತಾವ. ಕರದ್ರ ಬರೂ ಮಂಗ್ಯಾ ಮತ್ತ ಪೆಟ್ಟಿಗ್ಯಾಗ ಹೋಕ್ಕೈತಿ."

ಗಾಯ ಮಾಯ್ದ ಮೇಲೆ ಅವು ಗುಡ್ಡಕ್ಕೆ ಹೋಗಿ ಹಿಂಡು ಸೇರಬೇಕು. ಇನ್ನೊಮ್ಮೆ ಯಾರ ಬಲೆಗೂ ಬೀಳಬಾರದು. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಅದೇನು ಸಣ್ಣದಾಗಿರಲಿಲ್ಲ. ಬಂದವುಗಳಲ್ಲಿ ಹೆಚ್ಚಿನವು ಸತ್ತವು. ಸತ್ತದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಹಮಾಲರು ಭಜನೆ ಹೇಳುತ್ತ ಹೊತ್ತು ಹೋಗಿ ಹೂಳುತ್ತಿದ್ದರು. ಮೊದಮೊದಲು ತಾಳ ಇರುತ್ತಿತ್ತು, ಮಂದಿ ಇರುತ್ತಿದ್ದರು. ಬರಬರುತ್ತ ಗಾಳೆಪ್ಪ ಒಬ್ಬನೇ ಗುದ್ದಲಿ ಹಿಡಿದು ಹೋಗತೊಡಗಿದ. ಮಂದಿಗೂ ಸಾಕಾಗುತ್ತದೆ, ಏನು ಮಾಡುವುದು. ಅಷ್ಟರಲ್ಲಿ ವ್ಯಾಪಾರಿ ಬರುವುದೂ ನಿಂತಿತು. ಕೊನೆಗೆ ಉಳಿದವು ಎರಡು: ಸೊಟ್ಟ ಕೈಯಿನ ಆ ಹೆಣ್ಣು, ಕಾಲಿನ ಗಾಯ ಪೂರಾ ಮಾಯ್ದಿದ್ದ ಒಂದು ದೊಡ್ಡ ಗಂಡು.

ಗಂಡನ್ನು ಬಿಡುವ ದಿನ ಶನಿವಾರವೇ ಆಗಬೇಕು ಅಂದರು ಅತ್ತೆ, ತಾವೂ ಹೊರಟರು. ಟಾಂಗಾ ಹೊಡೆಯುವ ಜಹಾಂಗೀರ ಪೆಟ್ಟಿಗೆಯನ್ನು ಗಾಳೆಪ್ಪನ ಜೊತೆ ಮುಂದೆ ಇಟ್ಟುಕೊಂಡು, ನಮ್ಮಿಬ್ಬರನ್ನು ಹಿಂದೆ ಕೂಡಿಸಿಕೊಂಡು, "ಇವತ್ತು ಹಣಮಪ್ಪಂದ ಸವಾರಿ, ನನ್ನ ಕುದುರಿಗೂ ಒಂದೀಟು ಪುಣ್ಯಾ ಹಚ್ರೆಬೇ," ಎಂದು ಅತ್ತೆಯನ್ನು ನಗಿಸಿದ. ಸ್ಟೇಷನ್ನಿನ ಆಚೆಯ ಗುಡ್ಡದ ಬುಡಕ್ಕೆ ಹೋದೆವು. ಮೇಲೆ ಬಂಡೆಗಳ ಮೇಲೆ ಹಿಂಡು ಕೂತಿತ್ತು. ಅತ್ತೆ ತಟ್ಟೆಯಲ್ಲಿ ಎಣ್ಣೆ ಕಲಸಿದ ಸಿಂಧೂರ ತಂದಿದ್ದರು. ಗಾಳೆಪ್ಪ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಪೆಟ್ಟಿಗೆಯ ಬಾಗಿಲಿಗೆ ಕೈ ಹಾಕಿದವನು ನಿಂತ. ರುಮಾಲು ತೆಗೆದು ನೆಲದ ಮೇಲಿಟ್ಟ. ಅತ್ತೆಯ ತಟ್ಟೆಯಿಂದ ಸಿಂಧೂರ ತೆಗೆದುಕೊಂಡು, ಹಲಗೆಯ ಸಂದಿಯಲ್ಲಿ ಕೈ ತೂರಿಸಿ, ಆ ಮಂಗದ ಹಣೆಗೂ ಎದೆಗೂ ಹಚ್ಚಿ ಕೈ ಮುಗಿದ. ಮದ್ದು ಹಚ್ಚುವುದಕ್ಕೆ ಬಿಟ್ಟರೆ ಅಷ್ಟು ತಿಂಗಳು ಮೈ ಮುಟ್ಟದೆ ಸಾಕಿದ್ದ ದೇವರನ್ನು ಹೋಗುವಾಗ ಒಂದು ಸಲ ಪೂಜಿಸದೆ ಕಳಿಸಲು ಅವನಿಂದ ಆಗಲಿಲ್ಲ.

ಮಂಗ ಬಂಡೆ ಹತ್ತಿತು. ಹಿಂಡಿನವು ಸುತ್ತ ಬಂದು ಮೂಸಿದವು. ಆಮೇಲೆ ಎಲ್ಲ ಸೇರಿ ಮೇಲೆ ಬಿದ್ದವು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಜಹಾಂಗೀರ ಚಾವಟಿ ಬೀಸುತ್ತ ಓಡಿ ಹೋಗುವ ಹೊತ್ತಿಗೆ ಅದು ಕೆಳಗೆ ಬಿದ್ದಿತ್ತು. ದೊಡ್ಡಿಗೆ ತಂದೆವು, ಮರುದಿನ ಸತ್ತಿತು.

ಹೊಸ ಗಂಡನ್ನು ಹಿಂಡು ಹೇಗೂ ಸೇರಿಸುವುದಿಲ್ಲ, ಸಿಂಧೂರ ಇರಲಿ ಬಿಡಲಿ ಎಂದು ಜಹಾಂಗೀರ ಎಷ್ಟೋ ಸಲ ಹೇಳಿದ. ಇರಬಹುದು. ಗಾಳೆಪ್ಪ ಕೇಳಲಿಲ್ಲ. "ನನ್ನ ಕೈವಾಸನಿ ಹತ್ತಿತ್ತು," ಎಂದಷ್ಟೇ ಅಂದ. ಆಮೇಲೆ ಅವನು ದಣಿದೇಬಿಟ್ಟ. ಮೊದಲೇ ಕೆಮ್ಮಿತ್ತು, ಈಗ ಹೊರೆ ಎತ್ತಲಾರದೆ ಕೋಣೆಯ ಹೊರಸು ಹಿಡಿದ. ದವಾಖಾನೆಯವರು ಕೊಟ್ಟ ಗುಳಿಗೆಯನ್ನು ನಮ್ಮವರು ನುಂಗಿಸಿ ಬರುತ್ತಿದ್ದರು. ದೊಡ್ಡಿಯ ಕೆಲಸವೆಲ್ಲ ನನ್ನ ಮೇಲೆ ಬಿತ್ತು. ಕಾಳು ಚೆಲ್ಲಿ ಹೊರಗೆ ಬರುತ್ತಿದ್ದೆ, ಅವನ ಮಾತು ಮೀರಲಿಲ್ಲ. ಆದರೂ ಅದು ಒಂಟಿ ಪ್ರಾಣಿ, ದಿನಾ ಬರುವವಳು ನಾನೊಬ್ಬಳೇ. ನನ್ನ ಬಳೆಯ ಸಪ್ಪಳಕ್ಕೇ ಅದು ಬಾಗಿಲಿಗೆ ಬಂದು ಕೂರತೊಡಗಿತು.

ಅಷ್ಟರಲ್ಲಿ ಆ ವ್ಯಾಪಾರಿ ಮತ್ತೆ ಕೆರೂರ ಕಡೆಗೆ ಬಲೆ ತಂದಿದ್ದಾನೆ ಎಂದು ಜಹಾಂಗೀರ ಸುದ್ದಿ ತಂದ. ಗಾಳೆಪ್ಪ ತಡ ಮಾಡಬೇಡಿ ಎಂದ. ನಮ್ಮವರೂ ಜಹಾಂಗೀರನೂ ಹೋಗಿ ಆ ಹೆಣ್ಣನ್ನು ಗುಡ್ಡಕ್ಕೆ ಬಿಟ್ಟು ಬಂದರು. ಸಿಂಧೂರ ಇಲ್ಲ, ಪೂಜೆ ಇಲ್ಲ. ಹಿಂಡು ಅದನ್ನು ಹೊಡೆಯಲಿಲ್ಲ, ದೂರ ಕೂತುಕೊಳ್ಳಲು ಬಿಟ್ಟಿತು. ಆಮೇಲೊಂದು ದಿನ ಮರಿಯೊಂದು ಅದರ ಮೈಯ ಹೇನು ಆರಿಸುತ್ತಿತ್ತು ಅಂತ ಕುರಿ ಕಾಯುವವರು ಹೇಳಿದರು. ಅದನ್ನು ಕೇಳಿ ಗಾಳೆಪ್ಪ ಆವತ್ತು ಎರಡು ತುತ್ತು ಹೆಚ್ಚು ಉಂಡ.

ಆ ವಾರವೇ, ಶುಕ್ರವಾರ, ನಾನು ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಾಗ ಆ ಹೆಣ್ಣು ಮಂಗ ಬಂದು ಗೋಡೆಯ ಮೇಲೆ ಕೂತಿತು. ಅತ್ತೆ ದೀಪ ಹಚ್ಚಿ ತಂದರು. ಮನೆ ಹುಡುಕಿಕೊಂಡು ಬಂದನಲ್ಲ ಹಣಮಂತ ಎಂದು ಅವರ ಕಣ್ಣಲ್ಲಿ ನೀರು. ನಾನು ಅರಿವೆ ಅಲ್ಲೇ ಬಿಟ್ಟೆ. ಒದ್ದೆ ಸೀರೆಯಲ್ಲೇ ಗಾಳೆಪ್ಪನ ಕೋಣೆಗೆ ಹೋಗಿ ಹೇಳಿದೆ. ಅವನು ನನ್ನ ಹತ್ತಿರ ಮಾತಾಡಿದ್ದು ಅದೇ ಕೊನೆ.

"ಕಲ್ಲು ಒಗೀರಿ," ಎಂದ.

ಕಲ್ಲು ಹೊಡೆದು ಓಡಿಸಲು ನಮ್ಮವರಿಗೆ ಹೇಳುತ್ತೇನೆ ಎಂದೆ. ಅವನು ತಲೆ ಅಲ್ಲಾಡಿಸಿದ.

"ನೀವ ಒಗೀಬೇಕ್ರಿ ಬಾಯಾರ. ಬ್ಯಾರೇದವರು ಒಗದ್ರ ಅವರಿಗಷ್ಟ ಅಂಜತೈತಿ. ನೀವು ಒಗದ್ರ ಮನಷ್ಯಾರಿಗೆಲ್ಲಾ ಅಂಜತೈತಿ."

"ನಾಳೆ ಶನಿವಾರ ಅದ, ಗಾಳೆಪ್ಪ."

"ಇರಲ್ರಿ. ನಾಳಿ ಬಂದ್ರ ನಾಳೀನ ಒಗೀರಿ." ಕೆಮ್ಮು ಬಂತು. ಅದು ನಿಲ್ಲುವವರೆಗೆ ಕಾದು, ಗೋಡೆಯ ಕಡೆ ಹೊರಳಿದ. "ಸುಳ್ಳ ಅಂಜಸಬ್ಯಾಡ್ರಿ. ತಾಕೂಹಂಗ ಒಗೀರಿ."