ನನ್ನ ಮೊಮ್ಮಗಳಿಗೆ ‘ಬರ್ರಿ’ ಅಂದವರು

ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಬರೆಯದೆ ಇರಲು ಮಾತ್ರ ನನ್ನ ಕೈಲಾಗುತ್ತಿಲ್ಲ, ಅಷ್ಟು ಸಂತೋಷ ಆಗಿದೆ.

ಸಂಪಗಾಂವದ ನಮ್ಮ ಮನೆಯಲ್ಲಿ ನಾವು ಮೂರೇ ಜನ. ಮಗಳು ಬೆಳಿಗ್ಗೆ ಬಸ್ಸು ಹಿಡಿದು ಬೈಲಹೊಂಗಲದ ಅರಿವೆ ಅಂಗಡಿಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯತನಕ ನಾನು ಮತ್ತು ಮೊಮ್ಮಗಳು, ಇಬ್ಬರೇ. ಅವಳಿಗೀಗ ಮದುವೆಯ ವಯಸ್ಸು. ಹುಟ್ಟಿದಾಗಿನಿಂದ ಕಲಿಯುವುದು ನಿಧಾನ. ಜಡೆ ಹೆಣೆದುಕೊಳ್ಳುವುದನ್ನು ಕಲಿಯಲು ವರ್ಷಗಟ್ಟಲೆ ಹಿಡಿಯಿತು. ಜೊತೆಗೆ ಆಡಿದ ಹುಡುಗಿಯರೆಲ್ಲ ಗಂಡನ ಮನೆ ಸೇರಿದರು. ಹಾದಿಯಲ್ಲಿ ಹೋಗುವವರು ನನ್ನನ್ನು ಮಾತಾಡಿಸಿ, ಅವಳ ಕಡೆ ನೋಡಿ, “ಪಾಪ, ದೇವರ ಕೂಸು” ಅಂದು ನಡೆಯುತ್ತಾರೆ. ಅವಳೂ ಹೊರಗಿನವರೆದುರು ಬಾಯಿ ತೆರೆಯುವುದನ್ನು ಬಿಟ್ಟಿದ್ದಳು. ನಾನು ಹೋದ ಮೇಲೆ ಇಡೀ ಹಗಲು ಇವಳು ಯಾರ ಜೊತೆ ಮಾತಾಡಬೇಕು? ಇದೊಂದೇ ನನ್ನನ್ನು ಕೊರೆಯುತ್ತಿತ್ತು.

ಮೊನ್ನೆ ನರ್ಸಿಂಗ್ ಕಲಿಯುವ ಹುಡುಗಿಯರು ತಮ್ಮ ಟೀಚರ ಜೊತೆ ಮನೆಮನೆಗೆ ಬಂದರು. ನಮ್ಮಲ್ಲಿಯೂ ಬಂದು ಚಾಪೆಯ ಮೇಲೆ ಕೂತರು. ಪ್ರಶ್ನೆಗಳೆಲ್ಲ ನನಗೇ.

“ಅಜ್ಜಾರ, ಈಕಿ ತಾನ ಊಟಾ ಮಾಡ್ತಾಳೇನ್ರಿ?”

“ಈಕಿಗಿ ಸಿಟ್ಟು ಬರತೈತೇನ್ರಿ?”

“ಬರತೈತವ್ವಾ. ನಿನಗ ಬರೂದಿಲ್ಲೇನು?” ಅಂದೆ. ಎಲ್ಲರೂ ನಕ್ಕರು. ಮೊಮ್ಮಗಳು ಬಾಗಿಲ ಸಂದಿಯಲ್ಲಿ ನಿಂತೇ ಇದ್ದಳು.

ಆಗ ಒಬ್ಬ ಕುಳ್ಳ ಹುಡುಗಿ ಬದಿಗೆ ಸರಿದು ಜಾಗ ಮಾಡಿ, “ಬರ್ರಿ ಅಕ್ಕಾರ, ಕುಂದರ್ರಿ” ಅಂದಳು.

ಮೊಮ್ಮಗಳು ಹಿಂದೆ ತಿರುಗಿ ನೋಡಿದಳು. ಯಾವ ಅಕ್ಕಾರು ಬಂದರೋ ಅಂತ! ಹಿಂದೆ ಗೋಡೆ ಬಿಟ್ಟರೆ ಯಾರೂ ಇರಲಿಲ್ಲ. ಈ ಊರಲ್ಲಿ ಅವಳಿಗೆ ಆತನಕ ಯಾರೂ ‘ರಿ’ ಹಚ್ಚಿ ಮಾತಾಡಿದ್ದಿಲ್ಲ. ಮೆಲ್ಲಗೆ ಬಂದು ಕೂತಳು.

“ಅಕ್ಕಾರ, ನಿಮಗ ಏನ್ ತಿನ್ನಾಕ ಸೇರತೈತ್ರಿ?”

“ಚುರಮುರಿ ಅಂದ್ರ ಜೀವಾ ಬಿಡ್ತಾಳ” ಅಂದೆ ನಾನು.

“ತಡೀರಿ ಅಜ್ಜಾರ, ಅವರ ಹೇಳ್ಲಿ.”

ತಡೆದೆವು. ಹೊರಗೆ ಒಂದು ಟ್ರ್ಯಾಕ್ಟರು ಹೋಗಿ ಅದರ ಸದ್ದೂ ಅಡಗಿತು. ಒಬ್ಬಳು ಕೈಗಡಿಯಾರ ನೋಡಿಕೊಂಡಳು. ಕುಳ್ಳ ಹುಡುಗಿ ಮಾತ್ರ ಮೊಮ್ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಹೇಳವ್ವಾ, ಏನಾದರೂ ಹೇಳು, ಅಂತ ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

“ಜಿಲೇಬಿರಿ” ಅಂದಳು ಮೊಮ್ಮಗಳು.

ನೋಡಿರಿ, ಇಷ್ಟು ವರ್ಷ ನಾನು ಪ್ರತಿ ಸಂತೆಗೂ ಚುರಮುರಿಯನ್ನೇ ತಂದೆ! ನಗು, ಅಳು ಒಟ್ಟಿಗೇ ಬಂದವು. ಟೀಚರು ತಮ್ಮ ಹುಡುಗಿಯರಿಗೆ, “ಇದು ಬ್ಯಾನಿ ಅಲ್ರವಾ. ಇವರಿಗೆ ತಿಳಿಯಾಕ ಹೊತ್ತು ಬೇಕು, ಹೇಳಾಕೂ ಹೊತ್ತು ಬೇಕು. ಆ ಹೊತ್ತು ನಾವು ಕೊಡಬೇಕು” ಅಂದರು. ದವಾಖಾನೆಯ ಕೆಲಸ ಕಲಿಯುವ ಮಕ್ಕಳು ಯಾರಾದರೂ ಇದನ್ನು ಓದಿದರೆ, ಆ ಕುಳ್ಳ ಹುಡುಗಿಯ ಹಾಗೆ ಸುಮ್ಮನೆ ಕಾಯಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ.

ಸಂಜೆ ಸುದ್ದಿ ಕೇಳಿದ ಮಗಳು, “ಖರೇನ ಮಾತಾಡಿದಳಾ ಅಪ್ಪಾ?” ಅಂತ ಮತ್ತೆ ಮತ್ತೆ ಕೇಳಿದಳು.

ಮರುದಿನ ಮಧ್ಯಾಹ್ನ ಮೊಮ್ಮಗಳು ಚಾಪೆ ಹಾಸಿ ಬಾಗಿಲಲ್ಲಿ ಕೂತಳು. ಸೈಕಲ್ಲಿನವನಿಗೆ “ಬರ್ರಿ” ಅಂದಳು. ಅವನು ನೋಡಲೇ ಇಲ್ಲ. ಅಂಗಳದ ಕೋಳಿಗೂ “ಬರ್ರಿ” ಅಂದಳು. ಆಮೇಲೆ ಬಿಸಿಲು ಬಿಟ್ಟರೆ ಓಣಿಯಲ್ಲಿ ಏನೂ ಇರಲಿಲ್ಲ.

“ಅಜ್ಜಾ, ಯಾರೂ ಬರವಲ್ರು” ಅಂದಳು.

ನಾನು ಎದ್ದು ರುಮಾಲು ಸುತ್ತಿಕೊಂಡೆ. ಹಿತ್ತಲ ಬಾಗಿಲಿಂದ ಹೊರಬಿದ್ದು, ಓಣಿ ಸುತ್ತಿ, ಮುಂಬಾಗಿಲಿಗೆ ಬಂದು ನಿಂತು ಕೆಮ್ಮಿದೆ.

“ಮನ್ಯಾಗ ಯಾರದಾರ್ರೀ?”

ಮೊಮ್ಮಗಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ನಾನು ಕಾಯುತ್ತ ನಿಂತೆ.

“ನಾ ಅದೀನ್ರಿ” ಅಂದಳು. “ಬರ್ರಿ, ಕುಂದರ್ರಿ.”