ಅಣ್ಣನ ಮಾತು ಕೇಳುವ ಸೈನ್ಯ

ನಮ್ಮಣ್ಣ ಶಿರಾಳಕೊಪ್ಪದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯಿತೆಂದರೆ ಅಂಬ್ಲಿಗೊಳದ ಕಡೆಯ ಪಂಪ್‌ಸೆಟ್ಟುಗಳೆಲ್ಲ ಸುಟ್ಟು ಅವನ ಅಂಗಡಿಗೇ ಬರುತ್ತಿದ್ದವು. ಕೂದಲೆಳೆಯಂಥ ತಾಮ್ರದ ತಂತಿಯನ್ನು ಒಂದು ಸುತ್ತೂ ತಪ್ಪದಂತೆ ಸುತ್ತುವ ಕೈ ಅದು. ಆ ಕೈಯ ಬೆರಳುಗಳೇ ಮೊದಲು ಸೋತವು. ನರದ ಕಾಯಿಲೆ, ವಾಸಿಯಾಗುವಂಥದ್ದಲ್ಲ, ಕೈ ಆದಮೇಲೆ ಕಾಲು, ಆಮೇಲೆ ಮಾತು ಎಂದು ಡಾಕ್ಟರು ಹೇಳಿದರು. ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ.

ಅಂಗಡಿ ಮುಚ್ಚಿತು. ಅಣ್ಣನಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವನು, ಅವ್ವ, ಒಂದು ಹಳೆಯ ಕಂಪ್ಯೂಟರು. ಅದರಲ್ಲಿ ಅವನು ಯುದ್ಧದ ಆಟ ಆಡುತ್ತಿದ್ದ. ಮರ ಕಡಿಸಿ, ಕೋಟೆ ಕಟ್ಟಿಸಿ, ಸೈನ್ಯ ಕೂಡಿಸಿ ವೈರಿಯ ಮೇಲೆ ಕಳಿಸುವ ಆಟ. ನಾವು ಯೋಚಿಸುತ್ತ ಕೂತರೆ ಅದು ಕಾಯುವುದಿಲ್ಲ. ಉಗುಳು ನುಂಗುವಷ್ಟರಲ್ಲಿ ಅತ್ತ ಊರೇ ಉರಿದಿರುತ್ತದೆ. ಮೌಸ್ ಹಿಡಿಯಲಾಗದೆ ಅದೂ ನಿಂತಾಗ ಅಣ್ಣ ಮೊದಲ ಸಲ ಅತ್ತ.

ನನ್ನನ್ನು ಕೊಟ್ಟಿದ್ದು ಸೊರಬಕ್ಕೆ. ಅಲ್ಲೇ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಬಾಯಿಮಾತಿನಲ್ಲೇ ಆಟ ಆಡಿಸುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಹುಡುಕಿ, ಒಂದು ಭಾನುವಾರ ಬಸ್ಸಿನಲ್ಲಿ ಬಂದು ಹಾಕಿಕೊಟ್ಟೆ. ಒಂದೊಂದು ಆಜ್ಞೆಯನ್ನೂ ಹತ್ತತ್ತು ಸಲ ಹೇಳಿ ರೆಕಾರ್ಡ್ ಮಾಡಬೇಕು. ಆಮೇಲೆ ಆ ದನಿ ಕೇಳಿದರೆ ಸಾಕು, ಗುಂಡಿ ಒತ್ತಿದ ಹಾಗೆ ಕೆಲಸ ಆಗುತ್ತದೆ. ಭಾಷೆ ಯಾವುದಾದರೂ ಸರಿ.

‘ಮರ ಕಡಿ’, ‘ಗೋಡೆ ಕಟ್ಟು’, ‘ಹಿಂದ್ ಸರಿ’ ಎಲ್ಲ ಆಯಿತು. ದಾಳಿಗೆ ಅಣ್ಣ ‘ಕೊಲ್ಲು’ ಎಂದ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅವ್ವ ಬತ್ತಿ ಬಿಟ್ಟು ಓಡಿಬಂದಳು.

“ದೀಪ ಹಚ್ಚೋ ಹೊತ್ನಾಗೆ ಎಂಥಾ ಮಾತು ಆಡ್ತೀಯೋ! ಅಸ್ತು ದೇವತೆಗಳು ತಿರುಗ್ತಿರ್ತಾರೆ. ಅಸ್ತು ಅಂದ್ಬಿಟ್ರೆ?”

“ಮತ್ತೇನ್ ಅನ್ಬೇಕವ್ವ, ಯುದ್ಧಕ್ಕೆ ಕಳ್ಸೋವಾಗ?”

“ಮನಿಯಿಂದ ಹೊರಡೋರಿಗೆ ಏನಂತಾರೆ? ಹೋಗಿ ಬರ್ರಿ ಅನ್ನು.”

“ಅಷ್ಟುದ್ದ ಹೇಳೋದ್ರಾಗೆ ನನ್ ಕೋಟೆ ಬಿದ್ದಿರ್ತತಿ” ಎಂದು ಅಣ್ಣ ನಕ್ಕ. ಆದರೂ ಅವ್ವನ ಮಾತೇ ಗೆದ್ದಿತು. ಪಕ್ಕದಲ್ಲೇ ನಿಂತು ಹತ್ತು ಸಲವೂ ಹೇಳಿಸಿದಳು. ಸಾಯಲು ಹೊರಟ ಸೈನಿಕರನ್ನು ‘ಹೋಗಿ ಬರ್ರಿ’ ಎಂದು ಮರ್ಯಾದೆಯಿಂದ ಕಳಿಸುವ ಸೇನಾಪತಿ ಇಡೀ ಶಿಕಾರಿಪುರ ತಾಲ್ಲೂಕಿಗೆ ಅವನೊಬ್ಬನೇ ಇರಬೇಕು. ಅವ್ವ ಅಕ್ಕಿ ಆರಿಸುತ್ತ ಕೂತಲ್ಲಿಂದಲೇ “ಎಲ್ಲಾರೂ ಬಂದ್ರೇನೋ?” ಎಂದು ಕೇಳುವಳು. ಒಬ್ಬನೂ ಉಳಿದಿರದಿದ್ದರೂ “ಬಂದ್ರವ್ವ” ಎನ್ನುತ್ತಿದ್ದ.

ನಾನು ಅವಸರಕ್ಕೆ ‘ಹಿಂದ್ ಸರಿ’ ಎಂದು ಕೂಗಿದರೆ ಯಂತ್ರ ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ. “ಸೊರಬದೋರ ಆಟ ಇಲ್ಲಿ ನಡಿಯಂಗಿಲ್ಲ ತಂಗಿ. ಅದು ನನ್ ಮಾತಷ್ಟೇ ಕೇಳ್ತತಿ” ಎಂದು ಹಿಗ್ಗುತ್ತಿದ್ದ. ಅನ್ನಕ್ಕೆ, ನೀರಿಗೆ, ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರ ಮುಖ ನೋಡಬೇಕಾದವನಿಗೆ ತನ್ನ ಮಾತು ನಡೆಯುವ ಜಾಗ ಅದೊಂದೇ ಉಳಿದಿತ್ತು.

ವರ್ಷ ಕಳೆಯುವುದರೊಳಗೆ ದನಿ ತೆಳುವಾಯಿತು, ನಾಲಿಗೆ ತೊದಲತೊಡಗಿತು. ನಾಲ್ಕು ನಾಲ್ಕು ಸಲ ಹೇಳಿದರೂ ಸೈನ್ಯ ನಿಂತಲ್ಲೇ ನಿಂತಿರುತ್ತಿತ್ತು. ಕಣ್ಣೆದುರೇ ಕೋಟೆ ಉರಿಯುತ್ತಿತ್ತು. ಒಂದು ಭಾನುವಾರ ಅವನು ಪರದೆಯಿಂದ ಮುಖ ತಿರುಗಿಸಿಕೊಂಡು, “ಇದೂ ನನ್ ಮಾತು ಕೇಳದಂಗಾತು” ಎಂದ. ನನಗೆ ತಡೆಯಲಾಗಲಿಲ್ಲ. ಹಳೆಯ ಗಟ್ಟಿ ದನಿ ಒಳಗಿರುವುದರಿಂದಲೇ ಯಂತ್ರ ಹೊಸ ದನಿಯನ್ನು ಒಪ್ಪುತ್ತಿಲ್ಲ ಎಂದುಕೊಂಡು ಹಳೆಯದನ್ನೆಲ್ಲ ಒಟ್ಟಿಗೆ ಅಳಿಸಿದೆ. ಖಂಡಿತ ಅಳಿಸಬೇಕೇ ಎಂದು ಅದು ಕೇಳಿತು. ಹೌದು ಎಂದು ಒತ್ತಿದೆ. ಅಳಿಸುವ ಮುಂಚೆ ಒಂದು ಕಾಪಿ ಇಟ್ಟುಕೊಳ್ಳಿ ಎಂದು ದಿನಬೆಳಗಾದರೆ ಮಕ್ಕಳಿಗೆ ಹೇಳುವವಳು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹೊಸ ದನಿ ತುಂಬಿಸಲು ಮೂರು ಭಾನುವಾರ ಬೇಕಾಯಿತು. ಅಣ್ಣನಿಗೆ ಬೇಗ ದಣಿವಾಗುತ್ತಿತ್ತು. ಕೊನೆಗೆ ಸೈನ್ಯ ಕದಲಿದಾಗ “ಕೇಳ್ತು ನೋಡು” ಎಂದ. ಅವನ ಕಣ್ಣು ತುಂಬಿತ್ತು. ಎರಡು ತಿಂಗಳು ಆಡಿದ. ಆಮೇಲೆ ಹೋಗಿಬಿಟ್ಟ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ ಅವ್ವ ನನ್ನ ಹತ್ತಿರ ಬಂದು ಕೂತಳು. “ಆ ಕಂಪ್ಯೂಟರ್‌ನಾಗೆ ಅವನ ದನಿ ಐತಲ್ಲವ್ವ. ಒಂದ್ಸಲ ಹಾಕು” ಎಂದಳು.

ಅವನ ಗಟ್ಟಿ ದನಿ ಬೇರೆಲ್ಲೂ ಉಳಿದಿರಲಿಲ್ಲ. ಫೋನಿನಲ್ಲಿ ದನಿ ಕಳಿಸುವ ಅಭ್ಯಾಸ ಅಣ್ಣನಿಗಿರಲಿಲ್ಲ. ನನ್ನ ಮದುವೆಯ ವಿಡಿಯೊದಲ್ಲಿ ಅವನ ಬಾಯಿ ಆಡುತ್ತದೆ, ಕೇಳಿಸುವುದು ಓಲಗ ಮಾತ್ರ. ಇದ್ದದ್ದನ್ನೇ ಹಾಕಿದೆ. ಎಳೆದೆಳೆದು, ಮೂಗಿನಲ್ಲಿ ಹೇಳಿದಂತೆ, ‘ಮರ ಕಡಿ’. ಅವ್ವ ಸ್ಪೀಕರಿನ ಹತ್ತಿರ ಬಾಗಿ ಕೇಳಿದಳು.

“ಇದಲ್ಲವ್ವ. ಇದು ಕಾಯಿಲಿ ಬಿದ್ದಾಗಿಂದು. ನಾ ಪಕ್ಕ ನಿಂತು ಹೇಳ್ಸಿದ್ನಲ್ಲ, ಅದನ್ನ ಹಾಕು.”

“ಎಲ್ಲೋ ಸೇರ್ಕೊಂಡೈತವ್ವ. ಹುಡುಕ್ತೀನಿ” ಎಂದೆ.

ಆಮೇಲೆ ಹೋದಾಗಲೆಲ್ಲ “ಸಿಕ್ತೇನವ್ವ?” ಎನ್ನುತ್ತಿದ್ದಳು. ಇನ್ನೂ ಹುಡುಕುತ್ತಿದ್ದೇನೆ ಎನ್ನುತ್ತಿದ್ದೆ. ಹೋದ ಭಾನುವಾರ, ಏನಾದರಾಗಲಿ, ಅಳಿಸಿದ್ದನ್ನು ಹೇಳಿಯೇಬಿಡುತ್ತೇನೆ ಎಂದು ಗಟ್ಟಿಮನಸ್ಸು ಮಾಡಿ ಬಸ್ಸು ಹತ್ತಿದೆ. ಅವ್ವ ಊಟಕ್ಕೆ ಬಡಿಸಿದಳು. ಮೊಮ್ಮಕ್ಕಳ ವಿಚಾರ ಕೇಳಿದಳು. ಬಸ್ಸಿಗೆ ಹೊತ್ತಾಯಿತು, ಹೊರಡು ಎಂದಳು. ಅಣ್ಣನ ದನಿಯ ಮಾತು ಮಾತ್ರ ಅವಳು ಎತ್ತಲೇ ಇಲ್ಲ; ನಾನೂ ಹೇಳದೆ ಬಸ್ಸು ಹತ್ತಿದೆ.